ಮಂಪರಿನ ಮದ್ದು, ಯೋಚನೆಯ ವೇಗ: ಒಂದು ಅಳತೆಯ ಚರಿತ್ರೆ

ನಿದ್ದೆ ಬರಿಸುವ, ಮನಸ್ಸನ್ನು ತಣ್ಣಗಾಗಿಸುವ ಔಷಧಗಳು ಯೋಚನಾಶಕ್ತಿಯನ್ನು ಎಷ್ಟು ಕುಗ್ಗಿಸುತ್ತವೆ ಎಂಬ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಕ್ರಮಬದ್ಧವಾಗಿ ತಂದವರು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್. 1880ರ ದಶಕದ ಆರಂಭದಲ್ಲಿ ಲೈಪ್‌ಜಿಗ್‌ನ ವಿಲ್ಹೆಲ್ಮ್ ವುಂಟ್ ಅವರ ಪ್ರಯೋಗಶಾಲೆಯಲ್ಲಿ ಶುರುವಾದ ಈ ಕೆಲಸ 1892ರಲ್ಲಿ ಪುಸ್ತಕವಾಯಿತು. ಮದ್ಯ, ಕ್ಲೋರಲ್ ಹೈಡ್ರೇಟ್, ಪ್ಯಾರಾಲ್ಡಿಹೈಡ್, ಮಾರ್ಫಿನ್ ಎಲ್ಲವೂ ಅದರಲ್ಲಿವೆ. ಸೆಕೆಂಡಿನ ಸಾವಿರದ ಒಂದು ಭಾಗವನ್ನು ತೋರಿಸುವ ಹಿಪ್ ಗಡಿಯಾರವನ್ನಿಟ್ಟುಕೊಂಡು, ಸಂಕೇತ ಸಿಕ್ಕೊಡನೆ ಬೆರಳು ಆಡಿಸುವುದಕ್ಕೆ, ಎರಡು ಸಂಕೇತಗಳಲ್ಲಿ ಯಾವುದೆಂದು ತೀರ್ಮಾನಿಸಿ ಕೈ ಆಡಿಸುವುದಕ್ಕೆ ತಗಲುವ ಕಾಲವನ್ನು ಅವರು ಬೇರೆ ಬೇರೆಯಾಗಿ ಅಳೆದರು. ಅಂಕಿಗಳನ್ನು ಕೂಡಿಸುವುದು, ಬಾಯಿಪಾಠ ಮಾಡುವುದು ಕೂಡ ಪರೀಕ್ಷೆಗಳಾದವು. ಮದ್ಯ ಕುಡಿದವರಲ್ಲಿ ಚಲನೆ ಮೊದಲಿಗೆ ಸಲೀಸಾದಂತೆ ಕಂಡರೂ ಗ್ರಹಿಸಿ ತೀರ್ಮಾನಿಸುವ ಕೆಲಸ ನಿಧಾನವಾಗುತ್ತಿತ್ತು.

ಕ್ರೆಪೆಲಿನ್‌ರ ಹೆಚ್ಚಿನ ಕೊಡುಗೆ ಇನ್ನೊಂದಿದೆ. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸಿದರೆ ರೂಢಿಯಿಂದ ವೇಗ ಏರುತ್ತದೆ, ದಣಿವಿನಿಂದ ಇಳಿಯುತ್ತದೆ. ಈ ಏರಿಳಿತ ಪ್ರತಿ ವ್ಯಕ್ತಿಯಲ್ಲೂ ಬೇರೆ. ಅದನ್ನು ಕಳೆಯದೆ ಔಷಧದ ಪ್ರಭಾವ ಇಷ್ಟೇ ಎನ್ನಲಾಗದು ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಅವರ ಶಿಷ್ಯ ಗುಸ್ತಾವ್ ಅಶಾಫೆನ್‌ಬರ್ಗ್ 1896ರಲ್ಲಿ ಮುದ್ರಣಾಲಯದ ನಾಲ್ವರು ಅಚ್ಚುಮೊಳೆ ಜೋಡಿಸುವವರಿಗೆ ಕೆಲವು ದಿನ ವೈನ್ ಕೊಟ್ಟು, ಕೆಲವು ದಿನ ಕೊಡದೆ, ಅವರವರ ಕೆಲಸವನ್ನು ಅವರವರದರೊಡನೆಯೇ ಹೋಲಿಸಿ ನೋಡಿದ್ದು ಈ ತಿಳಿವಳಿಕೆಯ ಫಲ.

ಆದರೆ ಕುಡಿದವನಿಗೆ ತಾನು ಕುಡಿದಿದ್ದೇನೆಂದು ಗೊತ್ತಿರುತ್ತಿತ್ತಲ್ಲ! ಹೈಡೆಲ್‌ಬರ್ಗ್‌ನಲ್ಲಿ ಕ್ರೆಪೆಲಿನ್‌ರ ಜೊತೆ ಕೆಲಸ ಮಾಡಿದ್ದ ಇಂಗ್ಲೆಂಡಿನ ಡಬ್ಲ್ಯು. ಎಚ್. ಆರ್. ರಿವರ್ಸ್ ಹಿಡಿದದ್ದು ಈ ಲೋಪವನ್ನೇ. ರುಚಿಯಿಂದ ಗುರುತು ಸಿಗದ ಮಿಶ್ರಣಗಳನ್ನು ಅವರು ತಯಾರಿಸಿದರು. ಒಂದರಲ್ಲಿ ಮದ್ದು ಇರುತ್ತಿತ್ತು, ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಪ್ರಯೋಗಕ್ಕೆ ಸ್ವತಃ ತಾವೇ ಒಳಗಾಗಿ, ಅದಕ್ಕಾಗಿ ಮೊದಲೇ ಕಾಫಿ, ಚಹಾ, ಮದ್ಯಗಳನ್ನು ಬಿಟ್ಟರು. ಹೀಗೆ ಮರೆಮಾಚಿ ಕೊಟ್ಟಾಗ, ಸಣ್ಣ ಪ್ರಮಾಣದ ಮದ್ಯಕ್ಕೆ ಹಿಂದಿನವರು ಹೇಳಿದ್ದ ಪರಿಣಾಮ ಕಾಣಿಸಲಿಲ್ಲ. 1906ರ ಉಪನ್ಯಾಸಗಳಲ್ಲಿ ಮಂಡಿಸಿ 1908ರಲ್ಲಿ ಅಚ್ಚಾದ ಈ ಕೆಲಸಕ್ಕೆ ನಮ್ಮ ವೈದ್ಯಚರಿತ್ರೆಗಳಲ್ಲಿ ಇನ್ನೂ ದೊಡ್ಡ ಸ್ಥಾನ ಸಿಗಬೇಕೆಂದು ನನ್ನ ಅಭಿಪ್ರಾಯ.

ಅದೇ 1908ರಲ್ಲಿ ಡಬ್ಲಿನ್‌ನ ಗಿನ್ನೆಸ್ ಕಾರ್ಖಾನೆಯ ವಿಲಿಯಂ ಗಾಸೆಟ್ 'ಸ್ಟೂಡೆಂಟ್' ಎಂಬ ಹೆಸರಲ್ಲಿ ಬರೆದ ಸಂಖ್ಯಾಶಾಸ್ತ್ರದ ಪ್ರಬಂಧ, ಸಂಶೋಧಕರಾದ ಕಷ್ನಿ ಮತ್ತು ಪೀಬಲ್ಸ್ 1905ರಲ್ಲಿ ಪ್ರಕಟಿಸಿದ್ದ ನಿದ್ರಾಜನಕಗಳ ಅಂಕಿಗಳನ್ನು ಉದಾಹರಣೆಯಾಗಿ ಬಳಸಿತು. ಹತ್ತು ರೋಗಿಗಳಿಗೆ ಒಂದು ಮದ್ದಿನಿಂದ ದೊರೆತ ಹೆಚ್ಚುವರಿ ನಿದ್ದೆಯ ಸರಾಸರಿ 2.33 ಗಂಟೆ. ಅವರಲ್ಲೊಬ್ಬರಿಗೆ 5.5 ಗಂಟೆ ಹೆಚ್ಚು ನಿದ್ದೆ, ಮತ್ತೊಬ್ಬರಿಗೆ 0.1 ಗಂಟೆ ಕಡಿಮೆ. ಸರಾಸರಿಯನ್ನು ಪರೀಕ್ಷಿಸುವ ವಿಧಾನ ಅಲ್ಲಿಂದ ಜಗತ್ತಿಗೆ ಹರಡಿತು, ಆ ಹತ್ತು ಜನರ ನಡುವಿನ ಅಂತರ ಹಿಂದೆ ಸರಿಯಿತು.

ಮುಂದೆ 1903ರ ನಿದ್ರಾಜನಕ ಬಾರ್ಬಿಟಾಲ್‌ನ ಸಂತತಿಯನ್ನು 1960ರ ಲಿಬ್ರಿಯಂ, 1963ರ ವ್ಯಾಲಿಯಂ ಹಿಂದಿಕ್ಕಿದವು. ಈ ಹೊಸ ಗುಂಪಿನ ಮದ್ದುಗಳು ಹಳೆಯ ನೆನಪನ್ನು ಬಹುತೇಕ ಹಾಗೇ ಬಿಟ್ಟು ಹೊಸದು ಕಲಿಯುವುದನ್ನು ಕೆಡಿಸುತ್ತವೆಂದು ಪರೀಕ್ಷೆಗಳು ತೋರಿಸಿದವು. ವ್ಯಕ್ತಿಭೇದದ ಪ್ರಶ್ನೆ ಆಡಳಿತದ ಮಟ್ಟಕ್ಕೆ ಮುಟ್ಟಲು ಬಹಳ ಕಾಲ ಹಿಡಿಯಿತು. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಹಿಳೆಯರಿಗೆ ಜೋಲ್ಪಿಡೆಮ್ ಎಂಬ ನಿದ್ರಾಜನಕದ ಆರಂಭಿಕ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ಅವರ ದೇಹದಿಂದ ಮದ್ದು ಹೊರಹೋಗುವುದು ನಿಧಾನ. ಬೆಳಗ್ಗೆ ವಾಹನ ನಡೆಸುವ ಹೊತ್ತಿಗೂ ರಕ್ತದಲ್ಲಿ ಅದು ಉಳಿದಿರಬಹುದಿತ್ತು.

ವ್ಯಕ್ತಿಭೇದವನ್ನು ಗಮನಿಸುವ ಅಳತೆ ನಮ್ಮಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲಿ ವಯಸ್ಸು, ಲಿಂಗ, ಓದಿಗೆ ತಕ್ಕ ಮಾನದಂಡಗಳಿವೆ. ಇವು ಒಬ್ಬರು ತಮ್ಮಂಥವರ ನಡುವೆ ಎಲ್ಲಿದ್ದಾರೆಂದು ಹೇಳುತ್ತವೆ. ಗುಳಿಗೆಯಿಂದ ಎಷ್ಟು ಬದಲಾದರೆಂದು ಹೇಳಲು ಅವರದೇ ಹಿಂದಿನ ಅಂಕ ಬೇಕು. ದೀರ್ಘಕಾಲದ ನಿದ್ರಾಜನಕ ಬರೆದುಕೊಡುವ ವೈದ್ಯರು ಮೊದಲ ಗುಳಿಗೆಗೆ ಮುನ್ನ ಆ ಒಂದು ಅಳತೆಯನ್ನು ದಾಖಲಿಸಿಡಬೇಕು.