ಇಂಗ್ಲಿಷ್ ಕ್ರಿಯಾಪದಗಳು

ವಾಕ್ಯದಲ್ಲಿ ಕೆಲಸ, ಘಟನೆ ಅಥವಾ ಸ್ಥಿತಿಯನ್ನು ತಿಳಿಸುವ ಪದವನ್ನು ಕ್ರಿಯಾಪದ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದರ ಹೆಸರು ವರ್ಬ್. ಕ್ರಿಯಾಪದದ ವಿವೇಚನೆ ಕನ್ನಡಿಗರಿಗೆ ಹೊಸದಲ್ಲ; 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತ ಮತ್ತು ಧಾತುಗಳಿಗೆ ಪ್ರತ್ಯೇಕ ಪ್ರಕರಣಗಳನ್ನು ಮೀಸಲಿಟ್ಟಿದ್ದಾನೆ. ಆದ್ದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಇಂಗ್ಲಿಷ್ ಕ್ರಿಯಾಪದಗಳನ್ನು ತನ್ನ ನುಡಿಯೊಡನೆ ಹೋಲಿಸಿ ಕಲಿಯುವುದು ಸುಲಭ.

ಸಾಮಾನ್ಯವಾಗಿ ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬಂದರೆ, ಇಂಗ್ಲಿಷಿನಲ್ಲಿ ಕರ್ತೃಪದದ ನಂತರ ಬರುತ್ತದೆ. ‘ಬಂದನು, ಬಂದಳು, ಬಂದಿತು’ ಎಂಬ ಮೂರಕ್ಕೂ ಇಂಗ್ಲಿಷಿನಲ್ಲಿ ‘ಕೇಮ್’ ಒಂದೇ ರೂಪ. ಲಿಂಗಭೇದವನ್ನು ಅಲ್ಲಿ ಕ್ರಿಯಾಪದ ಸೂಚಿಸುವುದಿಲ್ಲ.

ಸಕರ್ಮಕ ಮತ್ತು ಅಕರ್ಮಕ

ಕರ್ಮಪದವನ್ನು ಬಯಸುವ ಕ್ರಿಯಾಪದ ಸಕರ್ಮಕ, ಬಯಸದೆ ಇರುವುದು ಅಕರ್ಮಕ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ಸುತ್ತಿನಿಂದಲೇ ಉದಾಹರಣೆ ತೆಗೆದುಕೊಳ್ಳಬಹುದು. ‘ದ ಕಾವೇರಿ ಫ್ಲೋಸ್’ (ಕಾವೇರಿ ಹರಿಯುತ್ತದೆ) ಎಂಬಲ್ಲಿ ಕರ್ಮವಿಲ್ಲ. ‘ಫಾರ್ಮರ್ಸ್ ಗ್ರೋ ಶುಗರ್‌ಕೇನ್’ (ರೈತರು ಕಬ್ಬು ಬೆಳೆಯುತ್ತಾರೆ) ಎಂಬಲ್ಲಿ ಕಬ್ಬು ಕರ್ಮ. ‘ಶುಗರ್‌ಕೇನ್ ಗ್ರೋಸ್ ಹಿಯರ್’ (ಇಲ್ಲಿ ಕಬ್ಬು ಬೆಳೆಯುತ್ತದೆ) ಎಂದಾಗ ಅದೇ ‘ಗ್ರೋ’ ಅಕರ್ಮಕವಾಗುತ್ತದೆ. ಕನ್ನಡದ ‘ಬೆಳೆ’ ಧಾತುವೂ ಹೀಗೆಯೇ ಎರಡು ಬಗೆಯಲ್ಲಿ ನಡೆಯುತ್ತದೆ. ಆದರೆ ಕನ್ನಡದಲ್ಲಿ ‘ಕುದಿ’ ಬೇರೆ, ‘ಕುದಿಸು’ ಬೇರೆ. ಇಂಗ್ಲಿಷಿನ ‘ಬಾಯ್ಲ್’ ಎರಡಕ್ಕೂ ಸಲ್ಲುತ್ತದೆ.

ಈ ‘ಇಸು’ ಪ್ರತ್ಯಯಕ್ಕೆ ಸಮನಾದ ಪ್ರತ್ಯಯ ಇಂಗ್ಲಿಷಿನಲ್ಲಿ ಎಲ್ಲ ಧಾತುಗಳಿಗೂ ಇಲ್ಲದಿರುವುದು ಬರವಣಿಗೆಯಲ್ಲಿ ತೊಡಕನ್ನು ತರುತ್ತದೆ. ಬೆಳಗೊಳದ ಸಮೀಪದ ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಕೂಲಿಕಾರರು ಅಣೆಕಟ್ಟನ್ನು ಕಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಬಿಲ್ಟ್’ ಎನ್ನುವುದು ರೂಢಿಯಲ್ಲಿದೆ. ವ್ಯತ್ಯಾಸ ಸ್ಪಷ್ಟವಾಗಬೇಕಾದರೆ ‘ಹ್ಯಾಡ್ ದ ಡ್ಯಾಮ್ ಬಿಲ್ಟ್’ ಎಂದು ಸಹಾಯ ಪಡೆಯಬೇಕು. ಕ್ಷೌರದ ಅಂಗಡಿಯಿಂದ ಬಂದವನು ‘ಐ ಕಟ್ ಮೈ ಹೇರ್’ ಎಂದರೆ, ತಾನೇ ಕತ್ತರಿ ಹಿಡಿದನೆಂಬ ಅರ್ಥವೂ ಬರಬಹುದು. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂಬುದು ನಿಸ್ಸಂದಿಗ್ಧ.

ಸಂಬಂಧಸೂಚಕ ಕ್ರಿಯಾಪದ

‘ಇವರು ನಮ್ಮ ಮೇಷ್ಟ್ರು’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಇಂಗ್ಲಿಷಿನಲ್ಲಿ ‘ಹಿ ಈಸ್ ಅವರ್ ಟೀಚರ್’ ಎಂದು ‘ಈಸ್’ ಸೇರಿಸಲೇಬೇಕು. ಆಮ್, ಈಸ್, ಆರ್, ವಾಸ್, ವರ್ ಇವು ಈ ಕೆಲಸಕ್ಕೆ ಬರುವ ‘ಬಿ’ ಧಾತುವಿನ ರೂಪಗಳು. ಬಿಕಮ್, ಸೀಮ್ ಕೂಡ ಇದೇ ಗುಂಪಿನವು.

ಸಹಾಯಕ ಕ್ರಿಯಾಪದಗಳು

ಬಿ, ಹ್ಯಾವ್, ಡು ಎಂಬ ಮೂರು ಮುಖ್ಯ ಕ್ರಿಯಾಪದಕ್ಕೆ ನೆರವಾಗುತ್ತವೆ. ‘ಹಿ ಡಿಡ್ ನಾಟ್ ಕೇಮ್’ ಎಂಬುದು ವಿದ್ಯಾರ್ಥಿಗಳಲ್ಲಿ ಬಹಳ ಕಾಣುವ ತಪ್ಪು. ‘ಡಿಡ್’ ಭೂತಕಾಲವನ್ನು ಹೇಳಿಯಾಗಿದೆ. ಮುಂದಿನ ಪದ ಮೂಲರೂಪದಲ್ಲಿ ಉಳಿದು ‘ಡಿಡ್ ನಾಟ್ ಕಮ್’ ಎಂದಾಗಬೇಕು. ಇದರ ನಿಯಮ ಕನ್ನಡದಲ್ಲೇ ಅಡಗಿದೆ: ‘ಬಂದನಿಲ್ಲ’ ಎಂದು ಯಾರೂ ಹೇಳುವುದಿಲ್ಲ, ‘ಬರಲಿಲ್ಲ’ ಎನ್ನುತ್ತಾರೆ.

ಕ್ಯಾನ್, ಕುಡ್, ಮೇ, ಮೈಟ್, ಷಲ್, ಶುಡ್, ವಿಲ್, ವುಡ್, ಮಸ್ಟ್ ಎಂಬ ಒಂಬತ್ತು ಪದಗಳು ಸಾಧ್ಯತೆ, ಅನುಮತಿ, ಕರ್ತವ್ಯ ಮುಂತಾದ ಅರ್ಥಗಳನ್ನು ಕೊಡುತ್ತವೆ. ‘ನಾನು ಬರಬಹುದು, ಅವಳು ಬರಬಹುದು’ ಎಂಬಲ್ಲಿ ‘ಬಹುದು’ ಬದಲಾಗದಿರುವಂತೆ ಇವೂ ಬದಲಾಗುವುದಿಲ್ಲ. ಆದ್ದರಿಂದ ‘ಶಿ ಕ್ಯಾನ್ಸ್’ ತಪ್ಪು, ‘ಶಿ ಕ್ಯಾನ್’ ಸರಿ.

ನಿಯತ ಮತ್ತು ಅನಿಯತ

‘ವಾಕ್’ ಎಂಬುದು ‘ವಾಕ್ಡ್’ ಆಗುವುದು ನಿಯತ. ‘ಗೋ’ ಎಂಬುದು ‘ವೆಂಟ್’ ಆಗುವುದು ಅನಿಯತ. ಎರಡನೆಯ ಬಗೆಯವನ್ನು ಬಳಕೆಯಿಂದಲೇ ಕಲಿಯಬೇಕು. ‘ಮಾಡು’ ಎಂಬುದು ‘ಮಾಡಿದ’ ಆಗುವಾಗ ‘ಬರು’ ‘ಬಂದ’ ಎಂದೂ ‘ಬೀಳು’ ‘ಬಿದ್ದ’ ಎಂದೂ ಏಕಾಗುತ್ತದೆಂದು ಕನ್ನಡದ ಮಗು ಕೇಳದೆಯೇ ಕಲಿತಿರುತ್ತದೆ.

ಸ್ಥಿತಿವಾಚಕಗಳು

ನೋ, ಬಿಲೀವ್, ಓನ್ ಮುಂತಾದವು ಕೆಲಸವನ್ನಲ್ಲ, ಸ್ಥಿತಿಯನ್ನು ಹೇಳುತ್ತವೆ. ಇವಕ್ಕೆ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ. ‘ಐ ಆಮ್ ನೋಯಿಂಗ್ ಹಿಮ್’ ಎನ್ನದೆ ‘ಐ ನೋ ಹಿಮ್’ ಎನ್ನಬೇಕು. ‘ಹ್ಯಾವ್’ ಸ್ವಾಮ್ಯವನ್ನು ಸೂಚಿಸುವಾಗಲೂ ಇದೇ ನಿಯಮ. ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’ ತಪ್ಪು. ಆದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ಏಕೆಂದರೆ ಅಲ್ಲಿ ‘ಹ್ಯಾವ್’ ಎಂದರೆ ಉಣ್ಣು.