ಟಾಟಾ ರೇಷ್ಮೆ ತೋಟವನ್ನು ಹುಡುಕುತ್ತ

ಕೊಳ್ಳೇಗಾಲ ಸೀಮೆಯವರಿಗೆ ರೇಷ್ಮೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಿಪ್ಪುನೇರಳೆಯ ಹೊಲ, ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಹುಳು, ಬಿಸಿನೀರಿನಲ್ಲಿ ಎಳೆ ಹುಡುಕುವ ಬೆರಳುಗಳು ಅಲ್ಲಿಯ ಬದುಕಿಗೆ ಸಹಜವಾದವು. ಆದುದರಿಂದಲೇ ಬೆಂಗಳೂರಿನ ಬಸವನಗುಡಿಯ ಬಳಿಯಿರುವ 'ಟಾಟಾ ಸಿಲ್ಕ್ ಫಾರ್ಮ್' ಬಡಾವಣೆಗೆ ಹೋದಾಗ ನನ್ನ ಕಣ್ಣು ಮೊದಲು ಅರಸಿದ್ದು ಹಿಪ್ಪುನೇರಳೆಯನ್ನು. ಕಂಡವು ಮನೆಗಳು, ಅಂಗಡಿಗಳು. ತೋಟವು ಹೆಸರಿನಲ್ಲಿ ಮಾತ್ರ ಉಳಿದಿದೆ.

ಮೈಸೂರಿನ ರೇಷ್ಮೆಗೆ ಟಿಪ್ಪು ಸುಲ್ತಾನನ ಆಶ್ರಯವಿದ್ದುದು, ಆತ ಬಂಗಾಳದಿಂದ ಹುಳು ತರಿಸಿದುದು ಸುಪರಿಚಿತ ಸಂಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ರೋಗವು ಈ ಕಸುಬನ್ನು ಕಂಗೆಡಿಸಿತು. ಜಪಾನಿನ ರೇಷ್ಮೆಯನ್ನು ಕಂಡು ಆಸಕ್ತಿ ತಳೆದಿದ್ದ ಜಮ್‌ಷೆಟ್‌ಜಿ ಟಾಟಾ, 1890ರ ದಶಕದಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಇಲ್ಲಿ ತೋಟವನ್ನು ಆರಂಭಿಸಿ ಜಪಾನಿ ತಜ್ಞರನ್ನು ಕರೆಸಿದರು. ಅದನ್ನು ತೋಟ ಎನ್ನುವುದಕ್ಕಿಂತ ಕಮ್ಮಟ ಎನ್ನುವುದೇ ಉಚಿತವೆಂದು ನನಗೆ ತೋರುತ್ತದೆ. ಬಿತ್ತನೆಯ ಆಯ್ಕೆ, ಹುಳು ಸಾಕಣೆ, ನೂಲು ಬಿಚ್ಚಾಣಿಕೆಗಳನ್ನು ಕಲಿಯಲು ಬಂದವರು ಅವನ್ನು ಕೈಯಾರೆ ಮಾಡಿಯೇ ಕಲಿಯಬೇಕಿತ್ತು. ಇವುಗಳಲ್ಲಿ ಮುಖ್ಯವಾದುದು ಬಿತ್ತನೆಯ ಪರೀಕ್ಷೆ. ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವ ವಿಧಾನವನ್ನು ಪಾಶ್ಚರ್ ಫ್ರಾನ್ಸಿನಲ್ಲಿ ರೂಪಿಸಿದ್ದ. (ಹುಳುವಿನ ಸಾವಿನ ಮೇಲೆ ನಿಂತ ಕಸುಬು ಇದೆಂಬ ಅಳುಕು ನನ್ನಂಥವರನ್ನು ಬಿಡದು, ಆದರೆ ಇತಿಹಾಸಕಾರ ಅದಕ್ಕಾಗಿ ಮುಖ ತಿರುಗಿಸಲಾಗದು.) ಮುಂದೆ ತೋಟದ ಆಡಳಿತ ಸಾಲ್ವೇಷನ್ ಆರ್ಮಿಯ ಕೈಗೆ ಹೋಯಿತು.

ಈ ಕಥನದಲ್ಲಿ ಕೊಳ್ಳೇಗಾಲಕ್ಕೆ ಸಾಮಾನ್ಯವಾಗಿ ಸ್ಥಾನವಿಲ್ಲ. ಕಾರಣ ಸರಳ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರಾದರೋ ಮೈಸೂರಿನೊಳಗೆ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದೊರೆತ ಜಹಗೀರು. ಕುಂತೂರಿನ ಗೂಡೂ ಮಾಂಬಳ್ಳಿಯ ಗೂಡೂ ಒಂದೇ ಬಗೆಯವಾದರೂ ಅವುಗಳ ಲೆಕ್ಕ ಬೇರೆ ಬೇರೆ ಸರ್ಕಾರಗಳ ದಫ್ತರಗಳಿಗೆ ಸೇರಿತು. ಮದರಾಸು ಪ್ರಾಂತದ ಹಿಪ್ಪುನೇರಳೆಯ ಬಹುಪಾಲು ಕೊಳ್ಳೇಗಾಲದಲ್ಲಿಯೇ ಇದ್ದಿತೆಂಬುದನ್ನು ಮೈಸೂರಿನ ವರದಿಗಳನ್ನಷ್ಟೇ ಓದಿದವರು ಅರಿಯಲಾರರು. ಈ ಸೀಮೆಯ ರೇಷ್ಮೆಯ ಇತಿಹಾಸವನ್ನು ಬರೆಯಹೊರಡುವ ಸಂಶೋಧಕರು ಮೈಸೂರಿನ ಗೆಜೆಟಿಯರುಗಳನ್ನು ಬದಿಗಿರಿಸಿ, ನಿಕಲ್ಸನ್ 1887ರಲ್ಲಿ ಹೊರತಂದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯಿಂದ ಆರಂಭಿಸುವುದು ಒಳಿತು.