ವಲಸಿಗರಿಗೆ ಇಂಗ್ಲಿಷ್ ಕಲಿಸುವ ಸ್ವಯಂಸೇವೆ

ಬೇರೆ ದೇಶದಿಂದ ಬಂದು ನೆಲೆಸಿದ ವಯಸ್ಕರಿಗೂ ಅವರ ಮನೆಮಂದಿಗೂ ಸಂಬಳವಿಲ್ಲದೆ ಇಂಗ್ಲಿಷ್ ಹೇಳಿಕೊಡುವ ಸೇವೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪಾಠ ನಡೆಯುವುದು ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಚರ್ಚಿನ ಸಭಾಂಗಣಗಳಲ್ಲಿ, ಸಮುದಾಯ ಭವನಗಳಲ್ಲಿ, ಎಷ್ಟೋ ಸಲ ಕಲಿಯುವವರ ಊಟದ ಮೇಜಿನ ಮೇಲೆಯೇ. ವಾರಕ್ಕೆ ಒಂದೋ ಎರಡೋ ದಿನ, ಒಂದೆರಡು ಗಂಟೆ. ಕಲಿಸುವವರಲ್ಲಿ ನಿವೃತ್ತ ಶಿಕ್ಷಕರು, ಗೃಹಿಣಿಯರು, ಕಾಲೇಜು ವಿದ್ಯಾರ್ಥಿಗಳು ಇರುತ್ತಾರೆ. ಒಂದು ಕಾಲಕ್ಕೆ ತಾವೇ ವಲಸೆ ಬಂದವರೂ ಇರುತ್ತಾರೆ. ಕಲಿಯುವವರಲ್ಲಿ ತಮ್ಮ ದೇಶದಲ್ಲಿ ಎಂಜಿನಿಯರ್ ಆಗಿದ್ದವರೂ ಯಾವ ಭಾಷೆಯ ಅಕ್ಷರವನ್ನೂ ಕಲಿಯದವರೂ ಅಕ್ಕಪಕ್ಕ ಕೂರುವುದುಂಟು. ಬುದ್ಧಿ, ಅನುಭವ, ಸಂಸಾರದ ಹೊಣೆ ಇಬ್ಬರಿಗೂ ಇದೆ. ಬಂದ ನಾಡಿನ ಮಾತು ಮಾತ್ರ ಇಲ್ಲ. ಎದುರಿಗೆ ಕೂತವರು ದೊಡ್ಡವರು ಎಂಬುದನ್ನು ಕಲಿಸುವವರು ಮನಸ್ಸಿನಲ್ಲಿಟ್ಟುಕೊಂಡ ಕಡೆಯೆಲ್ಲ ಈ ಸೇವೆ ಫಲ ಕೊಟ್ಟಿದೆ, ಮರೆತ ಕಡೆ ಹಾದಿ ತಪ್ಪಿದೆ.

ಆರಂಭ

ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಷಿಕಾಗೊ ನಗರದ ಹಾಲ್‌ಸ್ಟೆಡ್ ಬೀದಿಯಲ್ಲಿ ತೆರೆದ ಹಲ್ ಹೌಸ್ ಈ ಕೆಲಸದ ಹಳೆಯ ನೆಲೆಗಳಲ್ಲಿ ಹೆಸರಾದದ್ದು. ಸುತ್ತಲೂ ಇಟಲಿ, ಗ್ರೀಸ್, ರಷ್ಯ, ಪೋಲೆಂಡ್‌ಗಳಿಂದ ಬಂದ ಬಡ ಕಾರ್ಮಿಕರ ಕೇರಿಗಳಿದ್ದವು. ಓದುಬರಹ ಬಲ್ಲ ಯುವತಿಯರು ಅದೇ ಕೇರಿಯಲ್ಲಿ ಮನೆ ಮಾಡಿಕೊಂಡು, ಸಂಜೆ ಇಂಗ್ಲಿಷ್ ಮತ್ತು ಪೌರತ್ವದ ತರಗತಿಗಳನ್ನು ನಡೆಸಿದರು. ನೆರೆಯವರಾಗಿ ಇದ್ದುಕೊಂಡೇ ಕಲಿಸುವ ಈ ಪದ್ಧತಿ ಬೇಗ ಬೇರೆ ನಗರಗಳಿಗೂ ಹರಡಿತು.

1906ರ ಕಾನೂನು ಅಮೆರಿಕದ ಪೌರತ್ವ ಬೇಕಾದವರಿಗೆ ಇಂಗ್ಲಿಷ್ ಮಾತಾಡಲು ಬರಬೇಕೆಂದು ವಿಧಿಸಿತು. ಅಲ್ಲಿಂದ ಮುಂದೆ ಭಾಷೆ ಕಲಿಸುವ ಕೆಲಸಕ್ಕೆ ವಲಸಿಗರನ್ನು ‘ಅಮೆರಿಕನ್ನರನ್ನಾಗಿ ಮಾಡುವ’ ಹುರುಪೂ ಸೇರಿಕೊಂಡಿತು. ಫೋರ್ಡ್ ಮೋಟಾರ್ ಕಂಪನಿ 1914ರಲ್ಲಿ ಮಿಷಿಗನ್ ರಾಜ್ಯದ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ತೆರೆದ ಇಂಗ್ಲಿಷ್ ಶಾಲೆಯಲ್ಲಿ ಪಾಠ ಹೇಳಿದವರು ಕಾರ್ಖಾನೆಯ ಕೆಲಸಗಾರರೇ. ಅದಕ್ಕೆ ಅವರು ಬೇರೆ ಸಂಬಳ ಪಡೆಯಲಿಲ್ಲ. ವೈಎಂಸಿಎ ಸಂಸ್ಥೆಯ ಪೀಟರ್ ರಾಬರ್ಟ್ಸ್ ರೂಪಿಸಿದ ಕ್ರಮ ಅಲ್ಲಿ ಬಳಕೆಯಲ್ಲಿತ್ತು. ಹಾಸಿಗೆಯಿಂದ ಏಳುವುದು, ಮುಖ ತೊಳೆಯುವುದು, ಕೆಲಸಕ್ಕೆ ಹೊರಡುವುದು, ಹೀಗೆ ದಿನದ ಒಂದೊಂದು ಕ್ರಿಯೆಯನ್ನೂ ಮಾಡಿ ತೋರಿಸುತ್ತ ಅದರ ವಾಕ್ಯವನ್ನು ಹೇಳಿಸುವ ಕ್ರಮ ಅದು. ಪಾಠದ ಕ್ರಮ ಚೆನ್ನಾಗಿತ್ತು. ಪದವಿ ಸಮಾರಂಭ ಮಾತ್ರ ಬೇರೆ ಕಥೆ ಹೇಳುತ್ತದೆ. ವೇದಿಕೆಯ ಮೇಲೆ ಒಂದು ಭಾರಿ ಕೊಪ್ಪರಿಗೆ. ಕಲಿತವರು ತಮ್ಮ ತಮ್ಮ ದೇಶದ ಉಡುಪಿನಲ್ಲಿ ಅದರೊಳಗೆ ಇಳಿದು, ಅಮೆರಿಕದ ಸೂಟು ತೊಟ್ಟು, ಕೈಯಲ್ಲಿ ಬಾವುಟ ಹಿಡಿದು ಹೊರಗೆ ಬರುತ್ತಿದ್ದರು. ಹೊಸ ಮಾತು ಬೇಕಾದರೆ ಹಳೆಯದನ್ನು ಕಳಚಿಡಬೇಕೆಂದು ಬೆಳೆದ ಗಂಡಸರಿಗೆ ನೂರಾರು ಜನರೆದುರು ಹೇಳಿದಂತಾಯಿತು. ಆ ಧೋರಣೆಯ ನೆರಳು ಈ ಸೇವೆಯ ಮೇಲೆ ಬಹಳ ಕಾಲ ಉಳಿಯಿತು.

ಸಿರಾಕ್ಯೂಸ್‌ನ ಎರಡು ಸಂಸ್ಥೆಗಳು

ಇಂದಿನ ರೂಪಕ್ಕೆ ಮೂಲವಾದ ಎರಡು ಸಂಸ್ಥೆಗಳು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಎಂಬ ಒಂದೇ ಊರಿನಲ್ಲಿ ಬೆಳೆದವು. ಮೊದಲನೆಯದು ಫ್ರಾಂಕ್ ಲಾಬಾಕ್ (1884–1970) ಅವರದು. ಕ್ರೈಸ್ತ ಮಿಷನರಿಯಾಗಿದ್ದ ಅವರು 1930ರ ಸುಮಾರಿಗೆ ಫಿಲಿಪ್ಪೀನ್ಸ್‌ನ ಮರನಾವ್ ಜನರಿಗೆ ಅವರ ಭಾಷೆಯಲ್ಲೇ ಓದಲು ಕಲಿಸುತ್ತಿದ್ದರು. ಆರ್ಥಿಕ ಮುಗ್ಗಟ್ಟಿನಿಂದ ಶಿಕ್ಷಕರ ಸಂಬಳಕ್ಕೆ ಹಣ ನಿಂತುಹೋದಾಗ, ಶಾಲೆ ಮುಚ್ಚಬಾರದು, ಕಲಿತ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಕಲಿಸಲೇಬೇಕು ಎಂದು ಪಟ್ಟು ಹಿಡಿದವರು ಅಲ್ಲಿನ ಮುಖಂಡರು. ಮುಂದೆ ಲೋಕವೆಲ್ಲ ಲಾಬಾಕ್ ಹೆಸರಿನೊಂದಿಗೆ ನೆನೆದ ಈ ಸೂತ್ರ ಹುಟ್ಟಿದ್ದು ಕಲಿಯುವವರ ಹಟದಿಂದ. 1930ರ ದಶಕದಿಂದ ಲಾಬಾಕ್ ಭಾರತದಲ್ಲೂ ಪ್ರವಾಸ ಮಾಡಿ ಇಲ್ಲಿನ ಭಾಷೆಗಳಿಗೆ ಓದಿನ ಪಾಠಗಳನ್ನು ಸಿದ್ಧಪಡಿಸಲು ನೆರವಾದರು. 1955ರಲ್ಲಿ ತಮ್ಮ ಸಾಕ್ಷರತಾ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಇಂಗ್ಲಿಷ್ ಪಟಗಳಲ್ಲಿ ಅಕ್ಷರ ಚಿತ್ರದೊಳಗಿಂದಲೇ ಮೂಡುತ್ತದೆ: ‘ಬಿ’ ಅಕ್ಷರಕ್ಕೆ ಹಕ್ಕಿ, ‘ಸಿ’ಗೆ ಕಪ್, ‘ಎಫ್’ಗೆ ಮೀನು.

ಎರಡನೆಯದು ರೂತ್ ಕಾಲ್ವಿನ್ (1916–2024) ಅವರದು. ತಮ್ಮ ಊರಿನಲ್ಲೇ 11,000ಕ್ಕೂ ಹೆಚ್ಚು ಜನರಿಗೆ ಸರಿಯಾಗಿ ಓದಲು ಬಾರದೆಂದು ಜನಗಣತಿಯ ಅಂಕಿಗಳಿಂದ ತಿಳಿದ ಅವರು 1962ರಲ್ಲಿ ಸ್ವಯಂಸೇವಕರನ್ನು ಕೂಡಿಸಿದರು. ಒಳ್ಳೆಯ ಮನಸ್ಸಿದ್ದರೆ ಸಾಲದು, ಕಲಿಸುವವರಿಗೂ ತರಬೇತಿ ಬೇಕು ಎಂದು ಮೊದಲಿನಿಂದಲೂ ಒತ್ತಿ ಹೇಳಿದ್ದು ಅವರ ದೊಡ್ಡ ಕಾಣಿಕೆ. ಸಂಸ್ಥೆ ಮೊದಲು ಓದು ಬಾರದ ಸ್ಥಳೀಯರಿಗೆ ಕಲಿಸಿತು. ನಂತರ ವಲಸಿಗರಿಗೆ ಇಂಗ್ಲಿಷ್ ಕಲಿಸುವವರಿಗೆಂದೇ ಬೇರೆ ಕೈಪಿಡಿಯನ್ನು ತಂದಿತು. 1975ರ ಬಳಿಕ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್‌ಗಳಿಂದ ನಿರಾಶ್ರಿತರು ಬಂದಾಗ ಅಮೆರಿಕದ ಊರೂರುಗಳಲ್ಲಿ ಇಂಥ ಕಲಿಸುವವರ ಅಗತ್ಯ ಒಮ್ಮೆಲೇ ಹೆಚ್ಚಿತು. ಎರಡೂ ಸಂಸ್ಥೆಗಳು 2002ರಲ್ಲಿ ಒಂದಾಗಿ ‘ಪ್ರೋಲಿಟರಸಿ’ ಎನಿಸಿಕೊಂಡವು. 2006ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಪಡೆದ ಕಾಲ್ವಿನ್ 107 ವರ್ಷ ಬದುಕಿದ್ದರು.

ಪಾಠ ನಡೆಯುವ ಬಗೆ

ಒಳ್ಳೆಯ ಪಾಠ ವ್ಯಾಕರಣದ ಮೊದಲ ಪುಟದಿಂದ ಶುರುವಾಗುವುದಿಲ್ಲ. ಕಲಿಯುವವರಿಗೆ ಆ ವಾರ ಏನು ಬೇಕಾಗಿದೆಯೋ ಅಲ್ಲಿಂದ ಶುರುವಾಗುತ್ತದೆ. ಒಬ್ಬ ತಾಯಿಗೆ ಮಗನ ಶಾಲೆಗೆ ಫೋನ್ ಮಾಡಿ ಅವನಿಗೆ ಜ್ವರವೆಂದು ತಿಳಿಸಬೇಕಿದೆ ಎನ್ನಿ. ಬೇಕಾದದ್ದು ನಾಲ್ಕೈದು ವಾಕ್ಯ: ತಾನು ಯಾರು, ಮಗನ ಹೆಸರೇನು, ಯಾವ ತರಗತಿ, ಏಕೆ ಬರುವುದಿಲ್ಲ, ಎಂದು ಬರುತ್ತಾನೆ. ಹೆಸರನ್ನು ಅಕ್ಷರ ಬಿಡಿಸಿ ಹೇಳುವುದೇ ಇದರಲ್ಲಿ ಎಲ್ಲಕ್ಕಿಂತ ಕಷ್ಟ. ಅನುಭವವಿರುವ ಸ್ವಯಂಸೇವಕರು ಇಬ್ಬರ ಕುರ್ಚಿಗಳನ್ನೂ ಬೆನ್ನಿಗೆ ಬೆನ್ನು ಹಾಕಿಸುತ್ತಾರೆ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಕೈಸನ್ನೆ ನಡೆಯುವುದಿಲ್ಲ. ಅಭ್ಯಾಸವೂ ಹಾಗೆಯೇ ಆಗಬೇಕು. ಆಮೇಲೆ ಆ ಕಡೆಯಿಂದ ಯಂತ್ರದ ಧ್ವನಿ ಬಂದು ಸಂದೇಶ ಬಿಡಿ ಎಂದರೆ ಏನು ಮಾಡಬೇಕೆಂಬುದನ್ನೂ ರೂಢಿ ಮಾಡಿಸುತ್ತಾರೆ. ಮುಂದಿನ ವಾರ ಔಷಧಿ ಬಾಟಲಿಯ ಚೀಟಿ, ಅದರ ಮುಂದಿನ ವಾರ ಬಾಡಿಗೆ ಕರಾರು ಪಾಠವಾಗಬಹುದು.

ಓದು ಬಾರದವರಿಗೆ ಬಳಸುವ ಇನ್ನೊಂದು ಕ್ರಮದಲ್ಲಿ ಕಲಿಯುವವರು ತಮ್ಮ ಊರಿನದೋ ಕೆಲಸದ್ದೋ ಒಂದು ಸಂಗತಿಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತಾರೆ. ಕಲಿಸುವವರು ಅದನ್ನು ಹೇಳಿದ ಹಾಗೆಯೇ ಬರೆದುಕೊಡುತ್ತಾರೆ. ತಮ್ಮದೇ ಮಾತು ಕಾಗದದ ಮೇಲಿರುವುದರಿಂದ ಅದನ್ನು ಓದುವುದು ಸುಲಭ. ಬರೆಯುವಾಗ ತಪ್ಪು ತಿದ್ದಬೇಕೆ ಎಂಬ ಬಗ್ಗೆ ಶಿಕ್ಷಕರಲ್ಲಿ ಎರಡು ಪಕ್ಷಗಳಿವೆ. ಮೊದಲ ದಿನಗಳಲ್ಲಿ ತಿದ್ದದಿರುವುದೇ ಲೇಸು. ಬಾಯಿ ಬಿಟ್ಟ ಕೂಡಲೇ ತಿದ್ದಿಸಿಕೊಂಡವರು ಮತ್ತೆ ಬಾಯಿ ಬಿಡಲು ಹಿಂಜರಿಯುತ್ತಾರೆ.

ಉಚ್ಚಾರದ ತೊಡಕುಗಳು ತಾಯ್ನುಡಿಯನ್ನು ಅನುಸರಿಸುತ್ತವೆ. ಸ್ಪ್ಯಾನಿಷ್ ಮಾತಾಡುವವರು ‘ಸ್ಕೂಲ್’ ಪದಕ್ಕೆ ಮೊದಲು ಒಂದು ‘ಎ’ ಸೇರಿಸುತ್ತಾರೆ, ಅರಬ್ಬಿಯವರಿಗೆ ‘ಪ’ಕಾರ ‘ಬ’ಕಾರವಾಗುತ್ತದೆ, ವಿಯೆಟ್ನಾಮಿಗರು ಪದದ ಕೊನೆಯ ವ್ಯಂಜನಗಳನ್ನು ನುಂಗುತ್ತಾರೆ. ಕನ್ನಡದವರು ‘ಎಗ್’ ಎನ್ನುವಲ್ಲಿ ‘ಯೆಗ್’, ‘ಓನ್ಲಿ’ ಎನ್ನುವಲ್ಲಿ ‘ವೋನ್ಲಿ’ ಎನ್ನುವುದುಂಟು, ಪದದ ಕೊನೆಗೆ ಉಕಾರ ಹಚ್ಚುವುದೂ ಉಂಟು. ಆದರೆ ಅನೇಕ ಭಾಷೆಗಳವರನ್ನು ತಿಂಗಳುಗಟ್ಟಲೆ ಕಾಡುವ ‘ಷಿಪ್’, ‘ಷೀಪ್’ ವ್ಯತ್ಯಾಸ ಹ್ರಸ್ವ ದೀರ್ಘಗಳ ಕಿವಿ ಇರುವ ಕನ್ನಡಿಗರಿಗೆ ತೊಡಕೇ ಅಲ್ಲ. ಕಲಿಯುವವರ ಭಾಷೆಯನ್ನು ಸ್ವಲ್ಪವಾದರೂ ಅರಿತ ಸ್ವಯಂಸೇವಕರು ಯಾವುದಕ್ಕೆ ಸಮಯ ಕೊಡಬೇಕು, ಯಾವುದನ್ನು ಬಿಡಬಹುದು ಎಂದು ಬೇಗ ಗುರುತಿಸುತ್ತಾರೆ.

ಮನೆಮಂದಿಯ ಕಲಿಕೆ

ವಲಸೆ ಬಂದ ಮನೆಯಲ್ಲಿ ಇಂಗ್ಲಿಷ್ ಮೊದಲು ಬರುವುದು ಮಕ್ಕಳಿಗೆ. ಹತ್ತು ವರ್ಷದ ಹುಡುಗಿ ಬ್ಯಾಂಕಿನಲ್ಲಿ ಅಪ್ಪನ ಪರವಾಗಿ, ಆಸ್ಪತ್ರೆಯಲ್ಲಿ ಅಮ್ಮನ ಪರವಾಗಿ ಮಾತಾಡುವ ಪ್ರಸಂಗ ಸಾಮಾನ್ಯ. ತಾಯಿಯ ಕಾಯಿಲೆಯ ಸುದ್ದಿಯನ್ನು ಮಗುವೇ ಕೇಳಿ, ಮಗುವೇ ತಾಯಿಗೆ ಹೇಳುವುದು ಇಬ್ಬರಿಗೂ ಸಲ್ಲದ ಭಾರ. ಅಮೆರಿಕದ 2010ರ ಆರೋಗ್ಯ ಕಾನೂನಿನ ನಿಯಮಗಳು ತುರ್ತು ಸಂದರ್ಭದ ಹೊರತು ಆಸ್ಪತ್ರೆಗಳು ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ನೆಚ್ಚಬಾರದೆನ್ನುತ್ತವೆ. ಮನೆಯ ಹಿರಿಯರಿಗೆ ಇಂಗ್ಲಿಷ್ ಕಲಿಸಲು ಇದಕ್ಕಿಂತ ಬಲವಾದ ಕಾರಣ ಸಿಗದು.

1980ರ ದಶಕದಲ್ಲಿ ಕೆಂಟಕಿ ರಾಜ್ಯದಲ್ಲಿ ತಾಯ್ತಂದೆಯರನ್ನೂ ಪುಟ್ಟ ಮಕ್ಕಳನ್ನೂ ಒಂದೇ ಕಡೆ ಕಲಿಸುವ ಪ್ರಯೋಗ ನಡೆಯಿತು. 1988ರಲ್ಲಿ ಕೇಂದ್ರ ಸರ್ಕಾರವೂ ‘ಈವನ್ ಸ್ಟಾರ್ಟ್’ ಎಂಬ ಯೋಜನೆಗೆ ಕಾನೂನು ಮಾಡಿತು. ಇಂಥ ಯೋಜನೆಗಳು ಶಾಲೆಯ ರೀತಿನೀತಿಗಳನ್ನು ಮನೆಯೊಳಕ್ಕೆ ತುಂಬಲು ನೋಡುತ್ತವೆ, ಮನೆಯಲ್ಲಿ ಆಗಲೇ ಇರುವ ತಿಳಿವನ್ನು ಕಾಣುವುದಿಲ್ಲ ಎಂದು ಬಾಸ್ಟನ್‌ನ ಶಿಕ್ಷಣತಜ್ಞೆ ಎಲ್ಸಾ ಆವರ್ಬಾಕ್ 1989ರಲ್ಲಿ ಟೀಕಿಸಿದರು. ಆ ಟೀಕೆ ನ್ಯಾಯವಾದದ್ದು. ತಾಯಿ ಮಗುವಿಗೆ ತನ್ನ ಭಾಷೆಯಲ್ಲಿ ಹೇಳುವ ಕಥೆಯೂ ಓದಿಗೆ ಬುನಾದಿಯೇ. ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಎಂದು ಉಪದೇಶಿಸುವ ಸ್ವಯಂಸೇವಕರು ಆ ಮನೆಯ ಅಜ್ಜಿ ಮೊಮ್ಮಕ್ಕಳ ನಡುವಿನ ಮಾತನ್ನೇ ಕಡಿಯುತ್ತಾರೆ.

ಬ್ರಿಟನ್ ಮತ್ತಿತರ ದೇಶಗಳು

ಬ್ರಿಟನ್ನಿನಲ್ಲಿ ಈ ಕೆಲಸ ಬಿರುಸು ಪಡೆದದ್ದು ಪಂಜಾಬ್, ಗುಜರಾತ್, ಪಾಕಿಸ್ತಾನಗಳಿಂದ ಬಂದ ಕುಟುಂಬಗಳು ನೆಲೆಯೂರಿದಾಗ. ಉಗಾಂಡದಿಂದ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ 1972ರಲ್ಲಿ ಹೊರಗಟ್ಟಿದ ಏಷ್ಯನ್ನರಲ್ಲಿ ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ತರಗತಿಗೆ ಹೋಗಲಾಗದ ಹೆಂಗಸರಿಗೆ ಮನೆಗೇ ಹೋಗಿ ಕಲಿಸುವ ಸ್ವಯಂಸೇವಕಿಯರ ವ್ಯವಸ್ಥೆ 1970ರ ದಶಕದಲ್ಲಿ ಹಲವು ನಗರಗಳಲ್ಲಿ ಬೆಳೆಯಿತು. ಇಂಗ್ಲಿಷ್ ಕಲಿಯುವಂತೆ ಏಷ್ಯನ್ ಹೆಂಗಸರನ್ನು ಹುರಿದುಂಬಿಸಲು ಬಿಬಿಸಿ 1977ರಲ್ಲಿ ‘ಪರೋಸಿ’ ಎಂಬ ದೂರದರ್ಶನ ಧಾರಾವಾಹಿಯನ್ನು ಪ್ರಸಾರ ಮಾಡಿತು.

ಪದ ಗೊತ್ತಿದ್ದರೂ ಧಾಟಿ ಎಡವಟ್ಟಾಗುತ್ತದೆ ಎಂಬುದಕ್ಕೆ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ದಾಖಲಿಸಿದ ಒಂದು ಪ್ರಸಂಗ ಈಗಲೂ ತರಬೇತಿಗಳಲ್ಲಿ ನೆನಪಾಗುತ್ತದೆ. ಬ್ರಿಟನ್ನಿನ ಒಂದು ವಿಮಾನ ನಿಲ್ದಾಣದ ಊಟದ ಮನೆಯಲ್ಲಿ ಬಡಿಸುತ್ತಿದ್ದ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಒರಟರೆಂದು ದೂರಿತ್ತು. ಅವರು ಆಡುತ್ತಿದ್ದುದೇ ಕಡಿಮೆ. ಮಾಂಸ ಬಡಿಸಿ ‘ಗ್ರೇವಿ’ ಎನ್ನುವಾಗ ಅವರ ಸ್ವರ ಕೆಳಕ್ಕಿಳಿಯುತ್ತಿತ್ತು; ಇಂಗ್ಲಿಷರು ಅದನ್ನೇ ಸ್ವರ ಏರಿಸಿ, ಬೇಕೇ ಎಂದು ಕೇಳುವಂತೆ ಹೇಳುತ್ತಿದ್ದರು. ಧ್ವನಿಮುದ್ರಿಕೆಯನ್ನು ಎರಡೂ ಕಡೆಯವರಿಗೆ ಕೇಳಿಸಿ ಮಾತಾಡಿಸಿದಾಗ ವ್ಯತ್ಯಾಸ ತಿಳಿಯಿತು. ತಮ್ಮನ್ನು ಜನ ಏಕೆ ದೂರವಿಡುತ್ತಿದ್ದರೆಂಬುದೂ ಆ ಹೆಂಗಸರಿಗೆ ಆಗಲೇ ಅರ್ಥವಾಯಿತು. ಕಲಿಸಬೇಕಾದದ್ದು ವಲಸಿಗರಿಗೆ ಮಾತ್ರವಲ್ಲ, ಕೇಳುವ ಕಿವಿಗಳಿಗೂ ಎಂಬುದನ್ನು ಗಂಪರ್ಜ್ ಅವರ ಕೆಲಸ ತೋರಿಸಿಕೊಟ್ಟಿತು.

ಆಸ್ಟ್ರೇಲಿಯ 1948ರಿಂದ ಸರ್ಕಾರದ ಖರ್ಚಿನಲ್ಲಿ ವಲಸಿಗರಿಗೆ ಇಂಗ್ಲಿಷ್ ಕಲಿಸುತ್ತಿದೆ. ಅದರ ಜೊತೆಗೆ ಮನೆಗೆ ಹೋಗಿ ಕಲಿಸುವ ಸ್ವಯಂಸೇವಕರೂ ಇದ್ದಾರೆ. ನ್ಯೂಜಿಲೆಂಡ್‌ನಲ್ಲೂ ಇಂಥ ವ್ಯವಸ್ಥೆ ಇದೆ.

ಮಿತಿಗಳು

ತರಬೇತಿ ಪಡೆದ ಶಿಕ್ಷಕರ ಜಾಗವನ್ನು ಸ್ವಯಂಸೇವಕರು ತುಂಬಲಾರರು. ಯಾವ ಲಿಪಿಯನ್ನೂ ಕಾಣದವರಿಗೆ ಓದು ಕಲಿಸುವುದು ನುರಿತವರ ಕೆಲಸ. ಎರಡು ಪಾಳಿ ದುಡಿಯುವ ಕಲಿಕೆದಾರರು ತರಗತಿ ತಪ್ಪಿಸುತ್ತಾರೆ. ಉತ್ಸಾಹದಿಂದ ಬಂದ ಸ್ವಯಂಸೇವಕರು ಕೆಲವು ತಿಂಗಳಿಗೆ ಬಿಟ್ಟುಹೋದರೆ ಕಲಿಯುವವರಿಗೆ ತಮ್ಮದೇ ತಪ್ಪೇನೋ ಅನಿಸುತ್ತದೆ. ಸ್ವಯಂಸೇವಕರು ವಲಸೆಯ ಕಾಗದಪತ್ರಗಳ ಬಗ್ಗೆ ಕೇಳಬಾರದು, ಕಾನೂನಿನ ಸಲಹೆ ಕೊಡಬಾರದು. ಅಮೆರಿಕದಲ್ಲಿ ಅದಕ್ಕೆ ವಕೀಲರಿಗೂ ಸರ್ಕಾರದ ಮಾನ್ಯತೆ ಪಡೆದ ಪ್ರತಿನಿಧಿಗಳಿಗೂ ಮಾತ್ರ ಅಧಿಕಾರ. ಅಲ್ಲಿ 2014ರ ಕಾನೂನಿನಡಿ ವಯಸ್ಕರ ಕಲಿಕೆಗೆ ಬರುವ ಕೇಂದ್ರದ ಅನುದಾನ ಕಲಿಕೆಯನ್ನು ಪರೀಕ್ಷೆಯ ಅಂಕಗಳಲ್ಲಿ ಅಳೆಯುತ್ತದೆ. ಶಾಲೆಗೆ ತಾನೇ ಫೋನ್ ಮಾಡಿದ ತಾಯಿಯ ಗೆಲುವು ಆ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ.

ಪೌರತ್ವ ಪರೀಕ್ಷೆ ಮತ್ತು ಕನ್ನಡಿಗರು

ಅಮೆರಿಕದ ಪೌರತ್ವ ಪರೀಕ್ಷೆಯಲ್ಲಿ ಇಂಗ್ಲಿಷಿನ ಮೂರು ವಾಕ್ಯಗಳಲ್ಲಿ ಒಂದನ್ನಾದರೂ ಸರಿಯಾಗಿ ಓದಬೇಕು, ಮೂರರಲ್ಲಿ ಒಂದನ್ನು ಬರೆಯಬೇಕು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಇತಿಹಾಸ ಮತ್ತು ಆಡಳಿತದ 128 ಪ್ರಶ್ನೆಗಳ ಪಟ್ಟಿಯಿಂದ 20ರವರೆಗೆ ಕೇಳುತ್ತಾರೆ. 12ಕ್ಕೆ ಸರಿಯುತ್ತರ ಬೇಕು. 50 ವರ್ಷ ದಾಟಿ 20 ವರ್ಷ ಅಥವಾ 55 ದಾಟಿ 15 ವರ್ಷ ಕಾಯಂ ನಿವಾಸಿಗಳಾಗಿದ್ದವರಿಗೆ ಇಂಗ್ಲಿಷಿನಿಂದ ವಿನಾಯಿತಿ ಇದೆ. ಅವರು ದುಭಾಷಿಯ ನೆರವಿನಿಂದ ಕನ್ನಡದಲ್ಲೇ ಉತ್ತರಿಸಬಹುದು. ಆದರೆ ಮಕ್ಕಳ ಪ್ರಾಯೋಜನೆಯಿಂದ ಇಳಿವಯಸ್ಸಿನಲ್ಲಿ ಗ್ರೀನ್ ಕಾರ್ಡ್ ಪಡೆದು ಹೋದ ಕನ್ನಡದ ತಂದೆತಾಯಿಗಳು ಐದು ವರ್ಷಕ್ಕೆ ಅರ್ಜಿ ಹಾಕಿದರೆ, ವಯಸ್ಸು ಎಪ್ಪತ್ತಾಗಿದ್ದರೂ ಈ ವಿನಾಯಿತಿ ಸಿಗುವುದಿಲ್ಲ. ಅಲ್ಲಿನ ಗ್ರಂಥಾಲಯಗಳ ಇಂಗ್ಲಿಷ್ ಮಾತುಕತೆಯ ಕೂಟಗಳು ಇಂಥವರಿಗೆ ನೇರ ಪ್ರಯೋಜನಕ್ಕೆ ಬರುತ್ತವೆ. ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡುವುದು ಹಿರಿಯರಿಗೆ ಕಷ್ಟವಲ್ಲ. ಅರ್ಜಿಯಲ್ಲಿ ತಾವೇ ಬರೆದುಕೊಟ್ಟ ವಿಳಾಸ, ಪ್ರಯಾಣ, ಹಿಂದಿನ ಕೆಲಸಗಳ ಬಗ್ಗೆ ಅಧಿಕಾರಿ ಅಪರಿಚಿತ ಧಾಟಿಯಲ್ಲಿ ಕೇಳಿದಾಗ ತಡವರಿಸುತ್ತಾರೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅದಕ್ಕೇ ಅನುಭವಸ್ಥ ಸ್ವಯಂಸೇವಕರು ಪಟ್ಟಿಯ ಪ್ರಶ್ನೆಗಳಿಗೆ ಮುಂಚೆ ಆ ಒಂದು ವಾಕ್ಯವನ್ನು ರೂಢಿ ಮಾಡಿಸುತ್ತಾರೆ.